ಇಪ್ಪತ್ತು ಮೀರಬಾರದು

ತೇರದಾಳದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕಾರಕೂನನಾಗಿದ್ದ ಪಾಂಡಪ್ಪನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ತೇರದಾಳ ಈ ಐದೂ ಊರುಗಳ ಸೈಕಲ್ ಶರ್ಯತ್ತಿಗೆ ರೂಲು ಬರೆದವನು ಇದೇ ಪುಣ್ಯಾತ್ಮ. ಹದಿನೈದನೆಯ ವಯಸ್ಸಿನಲ್ಲಿ ಒಮ್ಮೆ ಹತ್ತಿ, ತಿಪ್ಪೆಗೆ ಬಿದ್ದು, ಬಟ್ಟೆ ಝಾಡಿಸಿಕೊಂಡು ಮನೆಗೆ ಹೋದವನು ಮತ್ತೆ ಪೆಡಲಿನ ಮೇಲೆ ಕಾಲಿಡಲಿಲ್ಲ. ಆದರೆ ನೋಡುವ ಹುಚ್ಚು ಅವನನ್ನು ಬಿಡಲಿಲ್ಲ. ಎಲ್ಲಿ ಶರ್ಯತ್ತು ಇದ್ದರೂ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಶರ್ಯತ್ತು ಮುಗಿಯುವ ಗೆರೆಯ ಪಕ್ಕ ನಿಲ್ಲುತ್ತಿದ್ದ. ಯಾರು ಎಷ್ಟನೆಯವರಾಗಿ ಬಂದರು ಎಂದು ಬರೆದುಕೊಂಡು ಮನೆಗೆ ಬಂದ ಮೇಲೆ ಕೂಡಿಸಿ ಭಾಗಿಸುತ್ತಿದ್ದ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಶರ್ಯತ್ತು ಸಪ್ಪೆಯಾಗಿತ್ತು. ಕಾಲಲ್ಲಿ ಕಸುವಿದ್ದವರೆಲ್ಲ ಜಮಖಂಡಿಯ ತಂಡ ಸೇರಿದ್ದರು. ಗೆದ್ದ ತಂಡಕ್ಕೆ ಕೊಡುವ ಢಾಲು ಮೂರು ವರ್ಷ ಬಿಡದೆ ಅವರ ಊರಲ್ಲೇ ಉಳಿಯಿತು. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಬಿಸಿಲಲ್ಲಿ ನಿಲ್ಲುವವರು ಯಾರು? ಜನ ಬರುವುದನ್ನು ಬಿಟ್ಟರು. ಆಗ ಪಾಂಡಪ್ಪ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಶರ್ಯತ್ತು ನಡೆಸುವ ಕಮಿಟಿಗೆ ಕೊಟ್ಟ. ಮೊದಲು ಬಂದವನಿಗೆ ಹತ್ತು ಅಂಕ, ಎರಡನೆಯವನಿಗೆ ಎಂಟು, ಮೂರನೆಯವನಿಗೆ ಆರು, ನಾಲ್ಕನೆಯವನಿಗೆ ಐದು, ಹೀಗೆ ಇಳಿಯುತ್ತ ಎಂಟನೆಯವನಿಗೆ ಒಂದು. ವರ್ಷಕ್ಕೆ ಆರು ಶರ್ಯತ್ತು, ಒಬ್ಬನಿಗೆ ಐದು ಮಾತ್ರ. ಅಂಕ ಕೂಡಿಸಿ ಐದರಿಂದ ಭಾಗಿಸಿದರೆ ಅವನ ಅವರೇಜು. ಒಂದು ತಂಡದ ನಾಲ್ವರ ಅವರೇಜು ಕೂಡಿಸಿದರೆ ಇಪ್ಪತ್ತು ಮೀರಬಾರದು. ಮೀರಿದರೆ ಮುಂದಿನ ವರ್ಷಕ್ಕೆ ಒಬ್ಬನನ್ನು ಬೇರೆ ಊರಿಗೆ ಬಿಟ್ಟುಕೊಡಬೇಕು.

ಕಮಿಟಿ ಒಪ್ಪಿತು. ಜಮಖಂಡಿಯ ತಂಡ ಒಡೆಯಿತು. ಅಲ್ಲಿಯ ಅಭಿಮಾನಿಗಳು ಪಾಂಡಪ್ಪನಿಗೆ ಬಾಯಿಗೆ ಬಂದಂತೆ ಬೈದರು, ಸೈಕಲ್ ಹೊಡೆಯಲು ಬಾರದವನು ಹೊಡೆಯುವವರ ಕಾಲು ಮುರಿದ ಎಂದರು. ತೇರದಾಳದಲ್ಲಿ ಮಾತ್ರ ಅವನನ್ನು ತಲೆಯ ಮೇಲೆ ಹೊತ್ತುಕೊಂಡರು. ಯಾಕೆಂದರೆ ಆ ರೂಲಿನಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ತೇರದಾಳಕ್ಕೇ. ಹುಲೆಪ್ಪ, ಗಿರಿಮಲ್ಲಪ್ಪ, ಹಣಮಂತ ಎಂಬ ಮೂವರು ಗಟ್ಟಿ ಸವಾರರು ಇದ್ದರು. ಅವರ ಜೊತೆಗೆ ಅವರೇಜು ಹೆಚ್ಚಿಸದ ಒಬ್ಬ ನಾಲ್ಕನೆಯವನು ಬೇಕಿತ್ತು. ಆ ನಾಲ್ಕನೆಯವನು ಕರೆಪ್ಪ.

ಕರೆಪ್ಪ ಊರಾಚೆಯ ಕುರುಬರ ಮನೆಯ ಮಗ. ದಿನಾ ಬೆಳಿಗ್ಗೆ ಹಿಂದಿನ ಕ್ಯಾರಿಯರಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಬನಹಟ್ಟಿಗೆ ಹೋಗುತ್ತಿದ್ದ. ಶರ್ಯತ್ತಿನಲ್ಲಿ ಹತ್ತನೆಯವನೋ ಹನ್ನೆರಡನೆಯವನೋ ಆಗಿ ಬರುತ್ತಿದ್ದ, ಬಂದು ನಗುತ್ತಿದ್ದ. ಅವನ ಅವರೇಜು ಒಂದನ್ನೂ ಮುಟ್ಟುತ್ತಿರಲಿಲ್ಲ, ಊರಿಗೆ ಬೇಕಾದದ್ದೂ ಅದೇ. ನಾಲ್ಕು ವರ್ಷ ಹೀಗೆ ನಡೆಯಿತು. ಅಭಿಮಾನಿಗಳು ಅವನ ಬೆನ್ನು ತಟ್ಟಿ, ಹೀಗೇ ಇರಪ್ಪಾ ಎನ್ನುತ್ತಿದ್ದರು. ಒಬ್ಬ ಮನುಷ್ಯನಿಗೆ ಹೇಳಬಾರದ ಮಾತು ಅದು, ಆದರೆ ಆಗ ಯಾರಿಗೂ ಹಾಗೆ ಅನ್ನಿಸಲಿಲ್ಲ.

ಐದನೆಯ ವರ್ಷ, ಅಂದರೆ ಎಂಬತ್ತನಾಲ್ಕರಲ್ಲಿ, ಕರೆಪ್ಪನಿಗೆ ರಬಕವಿಯಲ್ಲೂ ಹಾಲಿನ ಮನೆಗಳು ಸಿಕ್ಕವು. ದಾರಿ ಉದ್ದವಾಯಿತು, ಕ್ಯಾನು ದೊಡ್ಡವಾದವು. ಆರು ತಿಂಗಳಲ್ಲಿ ಅವನ ತೊಡೆ ಗಟ್ಟಿಯಾದದ್ದು ಯಾರ ಗಮನಕ್ಕೂ ಬರಲಿಲ್ಲ. ಮೊದಲ ಶರ್ಯತ್ತಿನಲ್ಲಿ ಎಂಟನೆಯವನಾದ. ಮುಂದಿನದರಲ್ಲಿ ಏಳನೆಯವನು, ಆಮೇಲೆ ಆರನೆಯವನು. ಎಮ್ಮೆ ಕರು ಹಾಕಿದ್ದಕ್ಕೆ ಒಂದು ತಪ್ಪಿಸಿಕೊಂಡ. ಐದನೆಯ ಶರ್ಯತ್ತಿನಲ್ಲಿ ನಾಲ್ಕನೆಯವನಾಗಿ ಬಂದಾಗ ಪಾಂಡಪ್ಪ ಗೆರೆಯ ಪಕ್ಕ ನಿಂತೇ ಬೆವತ. ಉಳಿದ ಮೂವರು ತಮ್ಮ ಐದು ಶರ್ಯತ್ತು ಮುಗಿಸಿಯಾಗಿತ್ತು, ಮೂವರ ಅವರೇಜು ಕೂಡಿ ಹದಿನಾರು ಪಾಯಿಂಟ್ ಎಂಟಕ್ಕೆ ನಿಂತಿತ್ತು. ಆ ವರ್ಷದ ಢಾಲೂ ಊರಿನ ಕೈ ಸೇರಿತ್ತು. ಉಳಿದದ್ದು ಕರೆಪ್ಪನ ಕೊನೆಯ ಒಂದು ಶರ್ಯತ್ತು ಮಾತ್ರ. ಅದರಲ್ಲಿ ಅವನು ನಾಲ್ಕನೆಯವನಾದರೆ ಅವನ ಅವರೇಜು ಮೂರು ಪಾಯಿಂಟ್ ಎರಡು, ತಂಡದ್ದು ಸರಿಯಾಗಿ ಇಪ್ಪತ್ತು. ಮೂರನೆಯವನಾದರೂ ಸಾಕು, ಇಪ್ಪತ್ತು ದಾಟುತ್ತದೆ, ತಂಡ ಒಡೆಯುತ್ತದೆ.

ಒಡೆದರೆ ಹೋಗಬೇಕಾದವನು ಎಲ್ಲರಿಗಿಂತ ಹಿರಿಯನಾದ ಹುಲೆಪ್ಪ. ಅವನಿಗೆ ಮೂವತ್ತೆಂಟು ದಾಟಿತ್ತು, ಬೇರೆ ಊರಿನವರು ಅವನನ್ನು ತೆಗೆದುಕೊಳ್ಳುವುದಿಲ್ಲ. ಶರ್ಯತ್ತು ಬಿಟ್ಟರೆ ಅವನಿಗೆ ಬೇರೆ ಸುಖವೂ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಪಕ್ಕ ವಿಠೋಬಾನ ಸೈಕಲ್ ಅಂಗಡಿ. ಆ ವಾರವಿಡೀ ಅಲ್ಲಿ ಗಾಲಿ ರಿಪೇರಿಗಿಂತ ರೂಲಿನ ರಿಪೇರಿಯೇ ಹೆಚ್ಚು ನಡೆಯಿತು. ಇಪ್ಪತ್ತನ್ನು ಇಪ್ಪತ್ತೆರಡು ಮಾಡಬೇಕು ಎಂದು ಕೆಲವರು. ಒಂದೇ ವರ್ಷದ್ದು ಯಾಕೆ, ಎರಡು ವರ್ಷದ ಅವರೇಜು ಹಿಡಿಯಿರಿ ಎಂದು ಮತ್ತೆ ಕೆಲವರು. ತಮ್ಮ ಊರಲ್ಲೇ ಕಲಿತು ಬೆಳೆದವನ ಅವರೇಜನ್ನು ಅರ್ಧ ಮಾತ್ರ ಹಿಡಿಯಬೇಕು, ಬೆಳೆಸಿದ ಊರಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ ಎಂದು ವಿಠೋಬಾ. ಜಮಖಂಡಿ ಒಡೆದಾಗ ಈ ನ್ಯಾಯ ಯಾರಿಗೂ ನೆನಪಾಗಿರಲಿಲ್ಲ. ಕೊನೆಗೆ ಎಲ್ಲರೂ ಪಾಂಡಪ್ಪನ ಕಡೆ ತಿರುಗಿ, ಕರೆಪ್ಪನಿಗೆ ಒಂದು ಮಾತು ಹೇಳಿಬಿಡಿ ಎನ್ನುತ್ತಿದ್ದರು. ಯಾವ ಮಾತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ಪಾಂಡಪ್ಪನದು. ಆ ವಾರ ಮೂರು ಸಲ ಲೆಕ್ಕ ಮಾಡುತ್ತ ಹೊತ್ತು ಮುಳುಗಿಸಿಕೊಂಡು ಉಪವಾಸ ಮಲಗಿದ. ಹೆಂಡತಿ ಪದ್ಮವ್ವ ರೊಟ್ಟಿ ಮುಚ್ಚಿಡುತ್ತ ಗೊಣಗಿದಳು. ಸ್ಕೂಲಿನಲ್ಲಿ ಹಾಜರಿ ಪುಸ್ತಕದ ಬದಿಯಲ್ಲಿ ಮೂರು ಪಾಯಿಂಟ್ ಎರಡು ಎಂದು ಬರೆದು ಹೆಡ್ ಮಾಸ್ತರರ ಕೈಯಲ್ಲಿ ಸಿಕ್ಕಿಬಿದ್ದ. ತಂಡ ಒಡೆದರೆ ಊರು ತನ್ನ ರೂಲನ್ನೇ ದೂರುತ್ತದೆ ಎಂಬ ಭಯ ಒಂದು ಕಡೆ. ಕರೆಪ್ಪನಿಗೆ ನಿಧಾನ ಹೊಡಿ ಎಂದರೆ ತನ್ನ ರೂಲಿಗೆ ತಾನೇ ಮೋಸ ಮಾಡಿದಂತೆ ಎಂಬ ಭಯ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದೆಂದು ಮಾತ್ರ ಅವನ ಲೆಕ್ಕಕ್ಕೆ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಕರೆಪ್ಪನೇ ಮನೆಗೆ ಬಂದ. ಹೊರಗೆ ಚಪ್ಪಲಿ ಬಿಟ್ಟು ಕಟ್ಟೆಯ ಅಂಚಿಗೆ ಕೂತ.

"ಕಾರಕೂನರ, ಮಂದಿ ಏನೇನೋ ಅನ್ನಾಕತ್ತಾರ್ರಿ. ನಾಳಿ ನಾ ಹೆಂಗ ಹೊಡೀಲಿ, ನೀವ ಹೇಳ್ರಿ."

ಜೋರಾಗಿ ಹೊಡಿ ಎನ್ನಬೇಕಿತ್ತು. ಪಾಂಡಪ್ಪನ ನಾಲಿಗೆ ಅಷ್ಟು ದೂರ ಹೋಗಲಿಲ್ಲ. ನಿಧಾನ ಹೊಡಿ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಕೆಮ್ಮಿದ, ಕನ್ನಡಕ ಒರೆಸಿಕೊಂಡ.

"ನಾಕನೇದಾಂವ ಆದ್ರ ಸರಿ ಇಪ್ಪತ್ತು. ಮೂರನೇದಾಂವ ಆದ್ರ ದಾಟತೈತಿ."

"ಅಂದ್ರ ಏನ ಮಾಡ್ಲಿರಿ?"

"ನಾ ಏನೂ ಹೇಳಾಕತ್ತಿಲ್ಲ ತಮ್ಮಾ. ಬರೇ ಲೆಕ್ಕ ಹೇಳೇನಿ."

ಕರೆಪ್ಪ ಬೆರಳು ಮಡಚಿ ಎಣಿಸಿದ. ನಾಳೆ ಅವ್ವನೂ ನೋಡಲು ಬರುತ್ತಾಳೆ, ಇದೇ ಮೊದಲ ಸಲ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಓಣಿ ತಿರುಗಿದ ಮೇಲೆ ಪದ್ಮವ್ವ ಒಳಗಿನಿಂದ ಬಂದು, ಅವನು ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ ಎಂದಳು. ಕೊಟ್ಟೆನಲ್ಲ ಎಂದು ಪಾಂಡಪ್ಪ ಸಿಡುಕಿದ. ಸಿಡುಕಿದ್ದು ಹೆಂಡತಿಯ ಮೇಲಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ರವಿವಾರ ಬೆಳಿಗ್ಗೆ ತೇರದಾಳದ ಬಸ್ ಸ್ಟ್ಯಾಂಡಿನ ಮುಂದೆ ಸುಣ್ಣದ ಗೆರೆ ಎಳೆದರು. ಬನಹಟ್ಟಿಯ ನಾಕಾ ಮುಟ್ಟಿ ಹೊಳ್ಳಿ ಬರಬೇಕು. ಶರ್ಯತ್ತು ಬಾಕಿ ಉಳಿದಿದ್ದ ಹನ್ನೊಂದು ಮಂದಿ ಸವಾರರು, ಅದರಲ್ಲಿ ತೇರದಾಳದವನು ಕರೆಪ್ಪ ಒಬ್ಬನೇ. ಪಾಂಡಪ್ಪ ಬರೆಯುವ ಮೇಜಿನ ಹಿಂದೆ ಕೂರಲಾರದೆ ನಿಂತ, ನಿಲ್ಲಲಾರದೆ ಕೂತ. ಅವನ ಪಕ್ಕದಲ್ಲೇ ಕರೆಪ್ಪನ ತಾಯಿ ತಾಯವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಮಗ ಈ ದಾರಿಯನ್ನು ದಿನಾ ಹಾಲಿನ ಕ್ಯಾನು ಹೇರಿಕೊಂಡು ತುಳಿಯುತ್ತಾನೆ, ಇವತ್ತು ಬರಿಗೈಲಿ ಹೋಗಿದ್ದಾನೆ, ಬೇಗ ಬರುತ್ತಾನೆ ಎಂದು ಅವಳು ಆಗಾಗ ಹೇಳಿಕೊಳ್ಳುತ್ತಿದ್ದಳು. ಪಾಂಡಪ್ಪ ಹೂಂ ಎನ್ನುತ್ತಿದ್ದ.

ಅವಳ ಮಾತು ಖರೆಯಾಯಿತು. ತಿರುವಿನಲ್ಲಿ ಮೊದಲು ಕಾಣಿಸಿದ್ದು ಕರೆಪ್ಪ. ಹಿಂದಿನವರಿಗೂ ಅವನಿಗೂ ಐವತ್ತು ಮಾರಿನ ಅಂತರ. ಬಾಗಿ ಹೊಡೆಯುತ್ತಿದ್ದ, ಮುಖದಲ್ಲಿ ಆ ಹಳೆಯ ನಗು ಇರಲಿಲ್ಲ. ಅವನು ಎಷ್ಟು ಚೆಂದ ಹೊಡೆಯುತ್ತಾನೆಂದು ಊರು ಅವತ್ತೇ ಮೊದಲು ನೋಡಿತು, ನೋಡಿ ಗಾಬರಿಯಾಯಿತು. ತೇರದಾಳದ ಜನ ತಮ್ಮವನೇ ಮುಂದಿರುವಾಗ ಬಾಯಿ ಮುಚ್ಚಿಕೊಂಡು ನಿಂತರು. ಬೀಳಗಿಯವರು ಮಾತ್ರ ಚಪ್ಪಾಳೆ ತಟ್ಟಿದರು. ಪಾಂಡಪ್ಪನಿಗೆ ಹೊಡಿ ಎಂದು ಕೂಗಬೇಕೆನ್ನಿಸಿತು, ಬೇಡ ಎಂದು ಕೂಗಬೇಕೆಂದೂ ಅನ್ನಿಸಿತು.

ಗೆರೆ ಇನ್ನು ಇಪ್ಪತ್ತು ಮಾರು ದೂರ ಇದ್ದಾಗ ಕರೆಪ್ಪ ಪೆಡಲು ತುಳಿಯುವುದನ್ನು ನಿಲ್ಲಿಸಿದ. ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೆ ಊರಿ ಹಿಂದೆ ತಿರುಗಿ ನೋಡಿದ. ಮುಧೋಳದವನು ದಾಟಿದ. ಬೀಳಗಿಯವನು ದಾಟಿದ. ಜಮಖಂಡಿಯವನು ದಾಟುತ್ತ ಏನಾಯಿತೆಂದು ತಿರುಗಿ ನೋಡಿದ. ಮೂವರನ್ನು ಎಣಿಸಿಕೊಂಡ ಕರೆಪ್ಪ ಮತ್ತೆ ತುಳಿದು, ಹಿಂದೆ ಬರುತ್ತಿದ್ದ ಬನಹಟ್ಟಿಯವನಿಗೆ ಜಾಗ ಕೊಡದೆ ಗೆರೆ ದಾಟಿದ. ಐದನೆಯವನಾಗಿದ್ದರೂ ನಡೆಯುತ್ತಿತ್ತು. ಆದರೆ ತನಗೆ ಎಷ್ಟು ಬಿಟ್ಟಿದ್ದರೋ ಅಷ್ಟನ್ನು ಅವನು ಪೂರ್ತಿ ತೆಗೆದುಕೊಂಡ.

ಆಮೇಲೆ ಕೇಳಬೇಕೆ? ಊರಿನ ಬಾಯಿ ಬಿಚ್ಚಿತು. ಹುಲೆಪ್ಪ ಓಡಿಬಂದು ಕರೆಪ್ಪನನ್ನು ಅಪ್ಪಿಕೊಂಡ, ವಿಠೋಬಾ ಮತ್ತು ಇನ್ನಿಬ್ಬರು ಅವನನ್ನು ಹೆಗಲ ಮೇಲೆ ಎತ್ತಿ ಕುಣಿದರು, ಹಲಗೆ ಬಡಿದರು. ಪಾಂಡಪ್ಪ ನಾಲ್ಕು ಎಂದು ಬರೆದ. ವಾರದ ಭಯ ಇಳಿದುಹೋಗಬೇಕಿತ್ತು. ಇಳಿಯಲಿಲ್ಲ.

ತಾಯವ್ವ ಅವನ ಅಂಗಿಯ ತೋಳು ಮುಟ್ಟಿದಳು.

"ಯಪ್ಪಾ, ಸೈಕಲ್ ಕೆಟ್ಟಿತ್ತೇನು?"

"ಇಲ್ಲವ್ವಾ."

"ಮತ್ತ ನನ್ನ ಮಗ ಮುಂದ ಇದ್ನಲ್ಲಾ. ಯಾಕ ನಿಂತಾ?"

ಐದು ವರ್ಷ ಐದೂರಿನ ಮಂದಿಗೆ ಆ ರೂಲನ್ನು ಬಿಡಿಸಿ ಹೇಳಿದ ಪಾಂಡಪ್ಪನಿಗೆ ಅದರ ಮೊದಲ ಸಾಲೂ ಬಾಯಿಗೆ ಬರಲಿಲ್ಲ. ಕಾಲಲ್ಲಿ ಕಸುವಿಲ್ಲದವರಿಗೂ ಒಂದು ಜಾಗ ಸಿಗಲಿ ಎಂದು ಬರೆದ ರೂಲು ಅದು.

"ನಾನ ನಿಲ್ಲಿಸಿದ್ನವ್ವಾ," ಎಂದ.

ಅವಳು ಬೈಯಲಿಲ್ಲ. ಗುಂಪಿನಲ್ಲಿ ಎತ್ತರದಲ್ಲಿ ಕಾಣುತ್ತಿದ್ದ ಮಗನನ್ನು ನೋಡಿದಳು.

"ಹಂಗಾರ ನೀವ ಅವಗ ಹೇಳ್ರಿ, ಅಂವ ಎಲ್ಲಾರಕಿಂತ ಮುಂದ ಇದ್ದಾ ಅಂತ. ನಾ ಹೇಳಿದ್ರ, ಹಡದಾಕಿ ಹೇಳತಾಳ ಅಂತಾನ, ನಂಬೂದಿಲ್ಲ."

ಪಾಂಡಪ್ಪ ಎದ್ದ. ಹೇಳಿಯೇ ಬಿಡುತ್ತೇನೆ ಎಂದುಕೊಂಡು ಗುಂಪಿನೊಳಗೆ ನುಗ್ಗಿದ. ನೀನು ಮೊದಲನೆಯವನು, ನಿನ್ನಷ್ಟು ಚೆಂದ ಹೊಡೆದವನನ್ನು ನಾನು ನೋಡಿಲ್ಲ, ಇಷ್ಟೇ ಮಾತು. ಹೆಗಲುಗಳ ಮೇಲಿಂದ ಕರೆಪ್ಪ ಅವನನ್ನು ಕಂಡು ಬಾಗಿದ. ಅವನ ಮುಖದಲ್ಲಿ ಲೆಕ್ಕ ಬರೆದು ಮಾಸ್ತರರಿಗೆ ಪಾಟಿ ತೋರಿಸುವ ಹುಡುಗರ ಆತಂಕವಿತ್ತು.

"ಲೆಕ್ಕ ಸರಿ ಬಂತಲ್ರಿ, ಕಾರಕೂನರ?"

ಸುತ್ತಲೂ ಇಡೀ ಊರು ಪಾಂಡಪ್ಪನ ಬಾಯಿಯನ್ನೇ ನೋಡುತ್ತಿತ್ತು.

"ಸರಿ ಬಂತಪಾ," ಎಂದ ಪಾಂಡಪ್ಪ.

ಕರೆಪ್ಪ ಬಾಯಿ ತುಂಬ ನಕ್ಕ. ದೂರದಲ್ಲಿ ಮೇಜಿನ ಹತ್ತಿರ ನಿಂತಿದ್ದ ತಾಯವ್ವನಿಗೆ ಹಲಗೆಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಕಾರಕೂನರು ಏನೋ ಹೇಳಿದ್ದು, ಮಗ ನಕ್ಕದ್ದು, ಇಷ್ಟೇ ಕಂಡಿತು. ಅವರು ಹೇಳಿದರು ಎಂದುಕೊಂಡಳು. ಅಲ್ಲಿಂದಲೇ ಪಾಂಡಪ್ಪನಿಗೆ ಕೈ ಮುಗಿದಳು.