ಟ್ರಂಕಿನ ತಳದ ರೈಲು

ಗೆಳೆಯರೇ, ಇವತ್ತು ಅವ್ವನ ಮದುವೆಯ ಟ್ರಂಕು ಸ್ವಚ್ಛ ಮಾಡುವಾಗ, ತಳಕ್ಕೆ ಹಾಸಿದ್ದ ಹಳೆಯ ಪೇಪರ್ ಸಿಕ್ಕಿತು. ತಲೆಬರಹ: ‘ಅಫಜಲಪುರಕ್ಕೆ ಶೀಘ್ರವೇ ರೈಲು’. ನಮ್ಮ ಈ ಊರಿಗೆ ಇವತ್ತಿಗೂ ರೈಲು ಬಂದಿಲ್ಲ; ನಗುತ್ತ ಎಸೆಯಲು ಹೊರಟೆ.

“ಮುಟ್ಟಬ್ಯಾಡ!” ಅವ್ವ ಕಸಿದುಕೊಂಡಳು. “ಇದನ್ನ ತೋರ್ಸೇ ನಿಮ್ಮಪ್ಪನ ಮನಿಯವರು ಹೆಣ್ಣು ಕೇಳಿದ್ರು. ‘ತವರಿಗೆ ರೈಲಿನ್ಯಾಗ ಹೋಗಿ ಬರ್ತಾಳ್ರಿ’ ಅಂದಿದ್ರು. ಅದಕ್ಕ ನಾ ಹೂಂ ಅಂದಿದ್ದೆ.”

ಅಪ್ಪ ಮೆಲ್ಲಗೆ, “ಸರ್ವೇ ನಡದದಂತ” ಎಂದ.

“ನಡೀಲಿ. ರೈಲು ಬರೋತನಕ ಈ ಪೇಪರ್ ಇಲ್ಲೇ ಇರ್ತದ.” ಅವ್ವ ಅದನ್ನು ಮತ್ತೆ ಹಾಸಿ, ಸೀರೆ ಪೇರಿಸಿ, ಬೀಗ ಹಾಕಿದಳು.

ರೈಲು ಬಂದಿದ್ದರೆ ಪ್ರತಿ ಜಗಳಕ್ಕೂ ಅವ್ವ ತವರು ಸೇರುತ್ತಿದ್ದಳು, ಅಪ್ಪ ರೊಟ್ಟಿ ಬಡಿಯಲು ಕಲಿಯುತ್ತಿದ್ದ. ಸದ್ಯಕ್ಕೆ ಆ ತಲೆಬರಹದ ದೆಸೆಯಿಂದ ಈ ಊರಿಗೆ ಬಂದಿಳಿದವನು ನಾನೊಬ್ಬನೇ.