ಭಂಡಾರ ಬಿದ್ದ ನೀರು

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯವರು ನನ್ನನ್ನು ಅನುಮಾನದ ಪ್ರಾಣಿ ಎನ್ನುತ್ತಾರೆ, ಸುಳ್ಳೇನಲ್ಲ. ಹೋಟೆಲಿನ ಚಟ್ನಿಯನ್ನೂ ಮೂಸದೆ ತಿಂದವಳಲ್ಲ. ಹೋದ ಬೇಸಿಗೆಯಲ್ಲಿ ಬಸುರಿ ತಂಗಿಯನ್ನು ನೋಡಲು ಮುನವಳ್ಳಿಗೆ ಹೊರಟಾಗ, ಚೀಲದಲ್ಲಿ ಸೀರೆ ಹಣ್ಣುಗಳ ಜೊತೆ ನಮ್ಮ ವಿಭಾಗದ ಹೊಸ ಯಂತ್ರವನ್ನೂ ತುರುಕಿಕೊಂಡಿದ್ದೆ.

ಯಂತ್ರವೆಂದರೆ ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ, ಅದಕ್ಕೆ ಸಿಕ್ಕಿಸಲು ಬೆರಳುದ್ದದ ಪಟ್ಟಿ. ನೀರಿಗೆ ಸ್ವಲ್ಪ ಆಮ್ಲ ಬೆರೆಸಿ, ಒಂದು ಹನಿಯನ್ನು ಪಟ್ಟಿಯ ಮೇಲೆ ಬಿಟ್ಟರೆ, ನೀರಿನಲ್ಲಿ ಕರಗಿದ ಲೋಹವೆಲ್ಲ ಮೊದಲು ಪಟ್ಟಿಗೆ ಬಂದು ಅಂಟುತ್ತದೆ. ಆಮೇಲೆ ವಿದ್ಯುತ್ತಿನ ಒತ್ತಡವನ್ನು ನಿಧಾನ ಬದಲಿಸುತ್ತ ಹೋದ ಹಾಗೆ ಒಂದೊಂದಾಗಿ ಬಿಟ್ಟು ಹೋಗುತ್ತದೆ. ಬಸ್ಸಿನ ಪ್ರಯಾಣಿಕರಂತೆ, ಪ್ರತಿ ಲೋಹಕ್ಕೂ ಇಳಿಯುವ ಸ್ಟಾಪು ಬೇರೆ. ಎಲ್ಲಿ ಇಳಿಯಿತು ಎನ್ನುವುದರಿಂದ ಅದು ಯಾವ ಲೋಹ ಎಂದು ತಿಳಿಯುತ್ತದೆ; ಮೊಬೈಲಿನಲ್ಲಿ ಅಲ್ಲೊಂದು ಗುಡ್ಡ ಏಳುತ್ತದೆ.

"ಕುಬಸಕ್ಕ ಮಂದಿ ಬಳಿ ತರತಾರ, ನೀ ಮಷೀನ ತಂದಿಯಲ್ಲ ಅಕ್ಕಾ!" ಎಂದು ತಂಗಿ ಸೀಮಂತದ ಮಾತೆತ್ತಿ ನಕ್ಕಳು. ಅವಳ ಮುಖ ಬಿಳುಪೇರಿತ್ತು. ಹೊಟ್ಟೆನೋವು, ತಲೆಶೂಲೆ, ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಹೇಳಿದ್ದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಹಿತ್ತಲಿನ ಬೋರ್‌ವೆಲ್ ನೀರು ನೋಡಿದೆ, ನಳದ ನೀರು ನೋಡಿದೆ. ಎರಡೂ ಚೊಕ್ಕಟ. ತಮಾಷೆಗೆಂದು ತಂಗಿ ಕುಡಿಯುತ್ತಿದ್ದ ಲೋಟದ ನೀರನ್ನೂ ತೆಗೆದುಕೊಂಡೆ. ಸೀಸ ಇಳಿಯುವ ಜಾಗದಲ್ಲಿ ಗುಡ್ಡ ಎದ್ದು ನಿಂತಿತು. ಪಟ್ಟಿ ಬದಲಿಸಿದೆ, ಲೋಟ ಬದಲಿಸಿದೆ. ಗುಡ್ಡ ಕದಲಲಿಲ್ಲ.

ಲೋಟದ ನೀರು ಅಡುಗೆಮನೆಯ ಹರವಿಯದು. ಆ ಮಣ್ಣಿನ ಹರವಿಯನ್ನು ತುಂಬಿದ್ದು ಅದೇ ಚೊಕ್ಕಟ ನಳದ ನೀರಿನಿಂದ. ಹಾಗಾದರೆ ವಿಷ ಸೇರುತ್ತಿರುವುದು ಮನೆಯೊಳಗೇ. ಹರವಿಯ ಮೇಲೆ ನನ್ನ ಸಿಟ್ಟು ತಿರುಗಿತು. ಹೊಸದು ತರಿಸಿ, ತೊಳೆದು, ತುಂಬಿಸಿಟ್ಟು, ಮರುದಿನ ನೋಡಿದರೆ ಅದರಲ್ಲೂ ಸೀಸ.

"ನೀರಾಗ ಏನರ ಹಾಕತೀರೇನ್ರಿ ಅತ್ತಿ?" ಎಂದು ತಂಗಿಯ ಅತ್ತೆಯನ್ನು ಕೇಳಿದೆ.

"ನೀರಾಗ ಏನ ಹಾಕೂದವಾ? ಭಂಡಾರ ಬೀಳಸ್ತೇನಿ, ಅಷ್ಟ."

ದೇವರ ಜಗಲಿಯ ಮೇಲಿನ ಅರಿಷಿಣದ ಡಬ್ಬಿ ತೋರಿಸಿದರು. ಪೂಜೆ ಮುಗಿದ ಮೇಲೆ ಒಂದು ಚಿಟಿಕೆ ಹರವಿಗೆ, ದೇವಿಯ ಹೆಸರಿನಲ್ಲಿ. ಇದು ಈ ಮನೆಯ ರೂಢಿ. ಸೊಸೆಗೆ ದಿನ ತುಂಬುತ್ತ ಬಂದ ಹಾಗೆ ಅವಳ ನಾಲಿಗೆಗೂ ಒಂದು ಚಿಟಿಕೆ ಶುರುವಾಗಿತ್ತು. ಡಬ್ಬಿಯೊಳಗಿನ ಹಳದಿ ಕಣ್ಣಿಗೆ ಕುಕ್ಕುವಂತಿತ್ತು. ಅಂಥ ಹಳದಿಯನ್ನು ನಾನು ಯಾವ ಹೊಲದ ಅರಿಷಿಣದಲ್ಲೂ ಕಂಡಿರಲಿಲ್ಲ.

ಒಂದಿಷ್ಟನ್ನು ಆಮ್ಲದಲ್ಲಿ ಕದಡಿ, ಸೋಸಿ, ಹನಿ ಬಿಟ್ಟೆ. ಈ ಸಲ ಗುಡ್ಡದ ತುದಿ ಪರದೆಯಲ್ಲಿ ಹಿಡಿಸಲಿಲ್ಲ.

ಅದನ್ನು ತಂದ ಅಂಗಡಿಗೆ ನಾನೇ ಹೋದೆ. ಮುದುಕ ವ್ಯಾಪಾರಿ ಸಿಟ್ಟಾಗಲಿಲ್ಲ, ನನ್ನ ದಡ್ಡತನಕ್ಕೆ ನಕ್ಕ. "ಅಡಿಗಿದ್ದು ಅರಿಷಿಣ, ಈ ಚೀಲದಾಗ ಐತಿ ನೋಡ್ರಿ. ಅದು ಭಂಡಾರ. ಹಚ್ಚಾಕ, ಹಾರಸಾಕ. ಬಣ್ಣ ಹಾಕಿರತಾರ. ತಿನ್ನಾಕ ಯಾರ ಒಯ್ತಾರ್ರಿ?"

ಯಾರು ಒಯ್ಯುತ್ತಾರೆ! ಮೊದಲು ಈ ಮನೆಯಲ್ಲಿ ಅರಿಷಿಣವನ್ನು ಮನೆಯಲ್ಲೇ ಕುಟ್ಟುತ್ತಿದ್ದರಂತೆ. ಅಡುಗೆಗೂ ಅದೇ, ದೇವರಿಗೂ ಅದೇ. ಜಗಲಿಯ ಮೇಲೆ ಇಟ್ಟದ್ದಕ್ಕೆ ಭಂಡಾರ ಎಂಬ ಹೆಸರು ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಕುಟ್ಟುವುದು ಬಿಟ್ಟು ಕೊಂಡು ತರುವ ಹೊತ್ತಿಗೆ ಪೇಟೆಯಲ್ಲಿ ಆ ಹೆಸರಿಗೆ ಬೇರೆಯೇ ಚೀಲ ಬಂದುಬಿಟ್ಟಿತ್ತು, ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಇನ್ನಷ್ಟು ಸಿಟ್ಟು ಬಂತು.

ಮರಳಿ ಬಂದವಳೇ ಹರವಿಯನ್ನು ಬರಿದು ಮಾಡಿಸಿದೆ. ಡಬ್ಬಿಯನ್ನು ಕಟ್ಟಿಟ್ಟೆ. ತಂಗಿಯ ರಕ್ತವನ್ನು ಪರೀಕ್ಷೆಗೆ ಕಳಿಸಿದೆವು. ವರದಿ ಬರುವವರೆಗೆ ಆ ಮನೆಯಲ್ಲಿ ನೀರು ಕುಡಿಯುವ ಸದ್ದು ಕೂಡ ನನ್ನನ್ನು ಬೆಚ್ಚಿಬೀಳಿಸುತ್ತಿತ್ತು. ಅತ್ತೆ ಯಾವಾಗಿನಂತೆ ಪೂಜೆ ಮಾಡಿ, ಕೈಯನ್ನು ಹರವಿಯ ತನಕ ಒಯ್ದು, ತಟ್ಟನೆ ಹಿಂದೆ ಎಳೆದುಕೊಳ್ಳುತ್ತಿದ್ದರು. ನಾನು ನೋಡದ ಹಾಗೆ ಇರುತ್ತಿದ್ದೆ.

ವರದಿ ಬಂತು. ರಕ್ತದಲ್ಲಿ ಸೀಸ ಇತ್ತು, ಇರಬಾರದಷ್ಟು. ಇನ್ನು ಒಳಗೆ ಹೋಗದಂತೆ ನೋಡಿಕೊಳ್ಳಿ, ಆಗಾಗ ರಕ್ತ ನೋಡೋಣ, ಹೆರಿಗೆಯಾದ ಮೇಲೆ ಕೂಸಿನದನ್ನೂ ನೋಡೋಣ ಎಂದರು ವೈದ್ಯರು. ಕೂಸಿನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮನೆಗೆ ಬಂದು ತಂಗಿ ಗೋಡೆಗೆ ಒರಗಿ ಕುಳಿತಳು. ಅತ್ತೆ ಅವಳ ಕಾಲಬಳಿಯೇ ಕುಳಿತು, ಬಾವು ಬಂದ ಪಾದಗಳನ್ನು ಒತ್ತುತ್ತಿದ್ದರು.

"ಅಕ್ಕಾ, ಖರೇ ಹೇಳು. ಒಳಗಿನ ಕೂಸಿಗೂ ಮುಟ್ಟೇತೇನ ಅದು?"

ಸೀಸಕ್ಕೆ ಹೊಕ್ಕುಳಬಳ್ಳಿಯ ದಾರಿ ಗೊತ್ತು. ಪುಸ್ತಕದಲ್ಲಿ ಅದನ್ನು ನಾನು ಹುಡುಗಿಯರಿಗೆ ಓದಿ ಹೇಳಿದ್ದೇನೆ. ಅತ್ತೆಯ ಕೈ ಪಾದದ ಮೇಲೆಯೇ ನಿಂತಿತು. ಅವರೂ ನನ್ನ ಉತ್ತರಕ್ಕೇ ಕಾಯುತ್ತಿದ್ದರು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ.

"ಮುಟ್ಟಿರತೈತಿ," ಎಂದೆ.

ತಂಗಿ ಅಳಲಿಲ್ಲ. ಅತ್ತೆ ತಮ್ಮ ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳತೊಡಗಿದರು. ಒರೆಸುತ್ತಲೇ ಇದ್ದರು.