ಸಿಡಿಲು ಬಡಿದವರಲ್ಲಿ ಯಾರು ಮೊದಲು

ಅಕ್ಟೋಬರ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಮಸೂತಿ ಊರಿನಾಚೆ ಹೊಲಗಳಿಗೆ ಅಂಟಿಕೊಂಡ ಸಮುದಾಯ ಭವನ. ಹಾಜರಿದ್ದವರು ಊರಿನ ವಿಪತ್ತು ಪಡೆಗೆಂದು ಆರಿಸಿದ ಒಂಬತ್ತು ಹೆಂಗಸರಲ್ಲಿ ಎಂಟು ಜನ, ಭವನದ ಕೀಲಿ ಇಟ್ಟುಕೊಳ್ಳುವ ಜವಾನ, ಮತ್ತು ನಾನು. ಒಂಬತ್ತನೆಯವಳು ನಾಲ್ಕು ನಿಮಿಷ ತಡವಾಗಿ ಬಂದಳು. ಅವಳನ್ನು ಹೊಸ್ತಿಲಿನಾಚೆಯೇ ನಿಲ್ಲಿಸಿದೆ.

“ನಮ್ಮ ಅಣ್ಣ, ವೈನಿ ಬಾಜೂ ಹೊಲದಾಗ ಉಳ್ಳಾಗಡ್ಡಿ ಕೀಳಾಕತ್ತಾರ್ರಿ. ರೊಟ್ಟಿ ಕೊಟ್ಟ ಬಂದೆ, ಅದಕ್ಕ ತಡಾ ಆತು,” ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ.

“ಹತ್ತರೊಳಗ ಕೊಡಬೇಕಿತ್ತು. ಅಲ್ಲೇ ನಿಂತ ಕೇಳು.”

ಅರ್ಧ ತಾಸು ನಿಂತೇ ಕೇಳಿದಳು.

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಸೀಟಿ ಊದಿದರೆ ಸಾಲು ನಿಲ್ಲಬೇಕು, ನಿಂತ ಸಾಲು ಅಲುಗಬಾರದು. ನಿವೃತ್ತಿಯಾದ ಮೇಲೆ ವಿಪತ್ತು ನಿರ್ವಹಣೆಯ ತರಬೇತಿ ಪಡೆದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಕಲಿಸತೊಡಗಿದೆ. ಪ್ರತಿ ಮಂಗಳವಾರ ಒಂದು ಊರು. ಹಿಂದಿನ ವಾರ ಮೋರಟಗಿ, ಅದರ ಹಿಂದಿನ ವಾರ ಗೊಳಸಂಗಿ. ಪಾಠ ಎಲ್ಲ ಕಡೆ ಒಂದೇ, ಹೇಳುವ ಮಾತೂ ಒಂದೇ.

ಬೆಳಗಿನ ಹೊತ್ತು, ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಿದೆ. ಹೊಟ್ಟು ತುಂಬಿದ ಚೀಲವನ್ನು ನೆಲಕ್ಕೆ ಹಾಕಿ ಒಬ್ಬೊಬ್ಬರಿಂದ ಒತ್ತಿಸಿದೆ. ತಡವಾಗಿ ಬಂದವಳ ಕೈಯೇ ಎಲ್ಲರಿಗಿಂತ ಸರಿಯಾಗಿ ಬಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಆಮೇಲೆ ಬಣ್ಣದ ಪಟ್ಟಿಗಳ ಪಾಠ. ಬಸ್ಸು ಉರುಳಿ, ಗೋಡೆ ಕುಸಿದು ಬಹಳ ಜನ ಬಿದ್ದಾಗ ಯಾರನ್ನು ಮೊದಲು ನೋಡಬೇಕೆಂದು ಗೊತ್ತಾಗಲು ಕೈಗೆ ಬಟ್ಟೆ ಕಟ್ಟುತ್ತೇವೆ. ನಡೆಯಬಲ್ಲವರಿಗೆ ಹಸಿರು, ಕಾಯಬಲ್ಲವರಿಗೆ ಹಳದಿ, ಕಾಯಲಾರದವರಿಗೆ ಕೆಂಪು. ಉಸಿರಿಲ್ಲದವರಿಗೆ ಕಪ್ಪು. ಕಪ್ಪು ಕಟ್ಟಿದವರನ್ನು ಬಿಟ್ಟು ಮುಂದೆ ಹೋಗಬೇಕು.

ಹೊಲಿಗೆ ಕೆಲಸದ ಹೆಂಗಸೊಬ್ಬಳು ಕಪ್ಪು ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. “ಅಕ್ಕೋರ, ನಾ ಸತ್ತೇನಿ, ಖರೆ. ಆದ್ರ ಊಟದ ಹೊತ್ತಿಗಿ ಎಬ್ಬಸ್ರಿ,” ಎಂದಳು.

“ಸತ್ತಾವ್ರು ಮಾತಾಡೂದಿಲ್ಲ,” ಎಂದೆ. ನಕ್ಕವರು ಬಾಯಿ ಮುಚ್ಚಿದರು.

ತಡವಾಗಿ ಬಂದವಳು ಕೇಳಿದಳು. “ನಮ್ಮ ಮನಿ ಮಂದಿ ಇದ್ರ? ಅವರನ್ನೂ ದಾಟಿ ಹೋಗೂದೇನ್ರಿ?”

“ಮನಿ ಮಂದಿ ಇದ್ರ ಲಗೂನ ದಾಟು. ನೀ ಅಲ್ಲೇ ಅಳ್ಕೋತ ಕುಂತ್ರ ಉಳದಾವ್ರು ಸಾಯ್ತಾರ.”

ಮಧ್ಯಾಹ್ನ ಎರಡೂವರೆಗೆ ಮೋಡ ಕವಿಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಸಿಡಿಲು ಬಿತ್ತು. ಕಿಟಕಿಯ ಗಾಜು ಅಲುಗಿತು. ಪಕ್ಕದ ಹೊಲದ ಬೇವಿನ ಮರದ ಕಡೆಯಿಂದ ಹೆಂಗಸಿನ ಕೂಗು ಬಂತು. ಸೀಟಿ ಊದಿ ಎಲ್ಲರನ್ನೂ ಓಡಿಸಿದೆ. ಮೂರು ನಿಮಿಷದೊಳಗೆ ಮರದ ಬಳಿ ಇದ್ದೆವು.

ಉಳ್ಳಾಗಡ್ಡಿ ಚೀಲಗಳ ನಡುವೆ ಇಬ್ಬರು ಬಿದ್ದಿದ್ದರು, ತಡವಾಗಿ ಬಂದವಳ ಅಣ್ಣ ಮತ್ತು ಅವನ ಹೆಂಡತಿ. ಹೆಂಡತಿಯ ಎರಡೂ ಕಾಲು ಮೊಣಕಾಲಿನಿಂದ ಕೆಳಗೆ ಸುಟ್ಟಿದ್ದವು, ಒದರುತ್ತಿದ್ದಳು. ಗಂಡನ ಮೈಮೇಲೆ ಗಾಯವೇ ಇರಲಿಲ್ಲ. ನಿದ್ದೆ ಹೋದವನ ಹಾಗಿದ್ದ. ನನ್ನ ಕೆನ್ನೆಯನ್ನು ಅವನ ಮೂಗಿನ ಬಳಿ ಹಿಡಿದು ಹತ್ತು ಎಣಿಸಿದೆ. ಉಸಿರಿರಲಿಲ್ಲ. ಅವನ ಕೈಗೆ ಕಪ್ಪು ಕಟ್ಟಿದೆ, ಅವಳ ಕೈಗೆ ಕೆಂಪು.

ತಂಗಿ ಆಗಲೇ ಅಣ್ಣನ ಎದೆಯ ಮೇಲೆ ಎರಡೂ ಅಂಗೈ ಊರಿದ್ದಳು. “ಮುಂಜಾನಿ ಒತ್ತಿದಂಗ ಒತ್ತತೇನ್ರಿ ಅಕ್ಕೋರ.”

“ಕೈ ತಗಿ. ಕಪ್ಪು ಕಟ್ಟಿದ್ದು ಕಾಣೂದಿಲ್ಲೇನು? ವೈನಿ ಕಾಲಿಗಿ ನೀರ ಹಾಕು ನಡಿ.”

“ಮೈ ಬೆಚ್ಚಗ ಐತ್ರಿ.”

“ಸತ್ತ ಮ್ಯಾಲೂ ಸ್ವಲ್ಪ ಹೊತ್ತ ಬೆಚ್ಚಗ ಇರ್ತೈತಿ. ಏಳು.”

ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಎದ್ದಳು. ಮೂವತ್ತೊಂದು ವರ್ಷ ಮೈದಾನದಲ್ಲಿ ಪಳಗಿದ ದನಿಗೆ ಜನ ಏಳುತ್ತಾರೆ.

ಅಷ್ಟರಲ್ಲಿ ಸುತ್ತಲಿನ ಹೊಲಗಳ ಗಂಡಸರು ಕೂಡಿದರು. ಸಿಡಿಲು ಬಡಿದವರನ್ನು ಕುತ್ತಿಗೆಯವರೆಗೆ ತಿಪ್ಪೆಯಲ್ಲಿ ಹೂತರೆ ಮೈಯೊಳಗಿನ ಕರೆಂಟು ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. “ತಿಪ್ಪಿಗಿ ಹೊರ್ರಿ, ತಡಾ ಮಾಡಬ್ಯಾಡ್ರಿ,” ಎಂದ ಒಬ್ಬ ಮುದುಕ. ಜವಾನ ನನ್ನ ಮುಖ ನೋಡಿದ.

“ಒಯ್ಯಲಿ ಬಿಡು,” ಎಂದೆ.

ಅದು ಮೂಢತನವೆಂದು ನನಗೆ ಗೊತ್ತಿತ್ತು. ಪ್ರತಿ ಊರಲ್ಲೂ ಅದನ್ನು ಆಡಿಕೊಂಡು ಜನರನ್ನು ನಗಿಸಿದ್ದೇನೆ. ಆದರೆ ನನ್ನ ಮಟ್ಟಿಗೆ ಅವನು ಹೆಣ. ಹೆಣದ ಜೊತೆ ಗುಂಪೂ ಅತ್ತ ಹೋದರೆ ನನಗೆ ಕೆಲಸಕ್ಕೆ ಜಾಗ ಸಿಗುತ್ತಿತ್ತು. ಸಿಕ್ಕಿತು. ಹೆಂಗಸಿನ ಕಾಲಿಗೆ ನೀರು ಹಾಕಿಸಿದೆ, ಒಗೆದ ಬಟ್ಟೆ ಹೊದಿಸಿದೆ, ಆಂಬುಲೆನ್ಸಿಗೆ ದಾರಿ ತೋರಿಸಲು ರಸ್ತೆಯಲ್ಲಿ ಒಬ್ಬಳನ್ನು ನಿಲ್ಲಿಸಿದೆ. ಯಾವ ಅಣಕು ಪ್ರದರ್ಶನವೂ ಅಷ್ಟು ಚೊಕ್ಕಟವಾಗಿ ನಡೆದಿರಲಿಲ್ಲ. ತಂಗಿ ತಿಪ್ಪೆಯ ಪಕ್ಕ ಕೂತು ಅಣ್ಣನ ಮುಖದ ಮೇಲಿನ ನೊಣ ಹೊಡೆಯುತ್ತಿದ್ದಳು. ಎರಡು ಸಲ ಕರೆದೆ, ಬರಲಿಲ್ಲ. ಗೈರುಹಾಜರಿ ಬರೆದುಕೊಂಡೆ.

ಆಂಬುಲೆನ್ಸು ಮುದ್ದೇಬಿಹಾಳದ ಕಡೆಯಿಂದ ಬರಬೇಕಿದ್ದರಿಂದ ಮೂರೂ ಮುಕ್ಕಾಲಾಯಿತು. ಇಬ್ಬರನ್ನೂ ಬಾಗೇವಾಡಿಯ ಆಸ್ಪತ್ರೆಗೆ ಒಯ್ದೆವು. ಸಣ್ಣ ವಯಸ್ಸಿನ ಡಾಕ್ಟರಮ್ಮ ಗಂಡಸನ್ನು ನೋಡಿ, ಸತ್ತಿದ್ದಾನೆಂದು ಬರೆದು, ನನ್ನನ್ನು ಒಳಗೆ ಕರೆದರು.

“ಎದಿ ಒತ್ತಿದ್ರೇನ್ರಿ?”

“ಇಲ್ಲ. ಉಸಿರಿರಲಿಲ್ಲ. ಕಪ್ಪು ಕಟ್ಟಿದೆ.”

“ಬಿದ್ದಾವ್ರು ಎಷ್ಟ ಮಂದಿ?”

“ಇಬ್ಬರು.”

“ನೀವು ಎಷ್ಟ ಮಂದಿ ಇದ್ರಿ?”

“ಜವಾನನ್ನ ಬಿಟ್ರ, ನಾ ಹಿಡದು ಹತ್ತು.”

ಅವರು ಪೆನ್ನು ಕೆಳಗಿಟ್ಟರು. ಬಣ್ಣ ಕಟ್ಟುವುದು ಕೈಗಳು ಸಾಲದಾಗ, ಇಬ್ಬರಿಗೆ ಹತ್ತು ಜನ ಇರುವಾಗ ಅಲ್ಲ ಎಂದರು. ಮೇಲಾಗಿ ಸಿಡಿಲಿಗೆ ನಿಯಮ ತಿರುವುಮುರುವು. ಒದರುವವರು ಬಹುಮಟ್ಟಿಗೆ ಬದುಕುತ್ತಾರೆ. ಸತ್ತ ಹಾಗೆ ಕಾಣುವವರನ್ನೇ ಮೊದಲು ಹಿಡಿಯಬೇಕು. ಮೊದಲ ಕೆಲವು ನಿಮಿಷ ಎದೆ ಒತ್ತಿ ಉಸಿರು ಕೊಟ್ಟರೆ ನಿಂತ ಹೃದಯ ಮರಳಿ ಬಡಿಯುವುದುಂಟು.

“ನಿಮ್ಮ ತರಬೇತಿ ಪುಸ್ತಕದಾಗ ಇರಬೇಕಲ್ರಿ ಇದು.”

ಇತ್ತು. ಕೊನೆಯ ಅಧ್ಯಾಯದಲ್ಲಿ. ಓದಿದ್ದೆ. ಒಂದು ನಿಯಮ ಹೇಳಿ ಅದಕ್ಕೇ ಇನ್ನೊಂದು ತಿದ್ದುಪಡಿ ಹೇಳಿದರೆ ಹೆಂಗಸರ ತಲೆ ಕೆಡುತ್ತದೆಂದು ನಾಲ್ಕೂ ತಾಲ್ಲೂಕುಗಳಲ್ಲಿ ಅದನ್ನು ಬಿಟ್ಟಿದ್ದೆ.

“ತಿಪ್ಪಿಯಾಗ ಹೂತಿದ್ದಕ್ಕ ಏನರ…” ಎಂದು ಶುರು ಮಾಡಿದೆ.

“ತಿಪ್ಪಿಗಿ ಒಯ್ಯೂಕಿಂತ ಮೊದಲೇ ಹೊತ್ತ ಮೀರಿತ್ರಿ,” ಎಂದರು. “ಅದರ ಮ್ಯಾಲ ಹಾಕಬ್ಯಾಡ್ರಿ.”

ತಂಗಿ ಹೊರಗೆ ಬೆಂಚಿನ ಮೇಲಿದ್ದಳು. ಉಗುರುಗಳಲ್ಲಿ ಸಗಣಿ ಒಣಗಿತ್ತು. ಎದುರಿಗೆ ನಿಂತು ಹೇಳಿದೆ. “ಎದಿ ಒತ್ತಬೇಕಿತ್ತು. ನಿಂದ ಖರೆ ಇತ್ತು. ನಾ ಎಬ್ಬಿಸಿದ್ದು ತಪ್ಪು.”

“ಒತ್ತಿದ್ರ ಬದಕ್ತಿದ್ನೇನ್ರಿ?”

“ಬದುಕಬಹುದಿತ್ತು.”

“ಹೇಳಿ ನೀವ ಹಗುರ ಆದ್ರಿ,” ಎಂದಳು. “ಕೈ ಇಟ್ಟಾಕಿ ನಾನು. ಎದ್ದಾಕಿನೂ ನಾನು. ನೀವ ಜಗ್ಗಿದ್ರಿ ಅಂತ ಎದ್ದೆ. ಇನ್ನ ನಾ ಸಾಯೂತನಕ ಇದನ್ನ ಹೊರಬೇಕು.”

ಅವಳು ವಾರ್ಡಿನ ಬಾಗಿಲ ಕಡೆ ಕೈ ತೋರಿಸಿದಳು.

“ವೈನಿ ಒಳಗ ಕೇಳಾಕತ್ತಾಳ, ಅವ್ರೆಲ್ಲಿ ಅಂತ. ನಮ್ಮ ಮಂದಿ ಯಾರೂ ಹೇಳೂದಿಲ್ಲ. ನೀವ ಹೋಗಿ ಹೇಳ್ರಿ. ಆಕಿನ್ನ ಯಾಕ ಮೊದಲ ನೋಡಿದ್ರಿ, ಅದನ್ನೂ ಹೇಳ್ರಿ.”

ಆರೂ ಇಪ್ಪತ್ತಕ್ಕೆ ವಾರ್ಡಿಗೆ ಹೋದೆ. ಎಂಟು ಮಂಚ, ಎಂಟೂ ತುಂಬಿದ್ದವು. ಅವಳ ಎರಡೂ ಕಾಲಿಗೆ ಬ್ಯಾಂಡೇಜು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಸಿಡಿಲಿನ ಸದ್ದಿಗೆ ಅವಳ ಕಿವಿಯ ತಮಟೆ ಹರಿದಿದೆ, ಜೋರಾಗಿ ಹೇಳಬೇಕು ಎಂದು ನರ್ಸು ದೂರದಿಂದಲೇ ಹೇಳಿದಳು.

ಜೋರಾಗಿ ಹೇಳಿದೆ, ನಿನ್ನ ಗಂಡ ಸತ್ತಿದ್ದಾನೆ, ಅವನನ್ನು ಬಿಟ್ಟು ನಿನ್ನನ್ನು ಮೊದಲು ನೋಡಿದೆ ಎಂದು. ಉಳಿದ ಏಳು ಮಂಚದವರೂ ತಿರುಗಿದರು. ಅವಳು ಕೈಯನ್ನು ಕಿವಿಗೆ ಹಿಡಿದು ಮುಂದೆ ಬಾಗಿದಳು. ಎದ್ದು ನಿಂತು, ಮೈದಾನದಲ್ಲಿ ಕೂಗುವ ದನಿಯಲ್ಲಿ ಮೂರನೆಯ ಸಲ ಹೇಳಿದೆ. ಕೇಳಿಸಿತು.

“ನಾ ಒದರಿದೆ ಅಂತ ನನ್ನ ಕಡಿ ಬಂದ್ರೇನ್ರಿ?” ಎಂದು ಕೇಳಿದಳು. ತನಗೇ ಕೇಳಿಸದ್ದರಿಂದ ಅವಳೂ ಕೂಗಿಯೇ ಕೇಳಿದಳು.

“ಹೌದು,” ಎಂದು ಕೂಗಿದೆ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಆರೂ ಮೂವತ್ತೈದು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.